ಗೋಡೆಗೆ ಹೊಂದಿಕೊಂಡ ಪಟ್ಟಿ

ಹಳೆಯ ಮನೆಯೊಂದರ ನಡುಮನೆಯ ಗೋಡೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ತಗ್ಗಿ ಸೊಟ್ಟಗಾಗಿತ್ತು. ಅದರ ಬುಡಕ್ಕೆ ಕೂರಿಸಲೆಂದು ಬಡಗಿ ಕಾಳಪ್ಪಾಚಾರಿ ತೇಗದ ಪಟ್ಟಿಯೊಂದಕ್ಕೆ ಬಳ್ಳಿ ಕೆತ್ತಿ ತಂದ. ಪಟ್ಟಿ ನೇರವಾಗಿತ್ತು. ಗೋಡೆಗೆ ಒತ್ತಿ ಹಿಡಿದರೆ ಎಲ್ಲೆಲ್ಲೂ ಸಂದು.

"ನನಗೆ ವಯಸ್ಸಾಯಿತು, ಇನ್ನು ಬದಲಾಗಲಾರೆ. ಹೊಸದಾಗಿ ಬಂದವಳು ನೀನು, ನೀನೇ ಹೊಂದಿಕೊಂಡು ಹೋಗಬೇಕು" ಎಂದಿತು ಗೋಡೆ.

"ತೆಗೆದದ್ದನ್ನು ಮತ್ತೆ ಅಂಟಿಸಲು ನನಗೆ ಬಾರದು. ಯೋಚಿಸಿ ಹೇಳು" ಎಂದಿತು ಆಚಾರಿಯ ಉಳಿ.

"ಒಂದು ಮನೆಗೆ ಬಂದ ಮೇಲೆ ಯೋಚಿಸುವುದೇನು? ತೆಗೆ" ಎಂದಿತು ಪಟ್ಟಿ.

ಗೋಡೆ ಉಬ್ಬಿದ್ದಲ್ಲೆಲ್ಲ ಆಚಾರಿ ಪಟ್ಟಿಯ ಬೆನ್ನನ್ನು ಕೆತ್ತಿದ. "ಇಲ್ಲಿ ಇನ್ನೂ ಸ್ವಲ್ಪ" ಎನ್ನುತ್ತಲೇ ಹೋಯಿತು ಗೋಡೆ. ಕೊನೆಗೆ ಕೂದಲೂ ತೂರದ ಹಾಗೆ ಪಟ್ಟಿ ಕೂತಿತು. ಬಂದವರೆಲ್ಲ ನೋಡಿ, ಗೋಡೆ ಎಷ್ಟು ಚೆಂದವಾಗಿದೆ ಎಂದರು.

ವರ್ಷಗಳು ಕಳೆದವು. ಮನೆಯವರು ಪಟ್ಟಿಯನ್ನು ಬಿಚ್ಚಿಟ್ಟು, ಗೋಡೆಯನ್ನು ಕೆರೆಸಿ, ಹೊಸ ಗಾರೆ ಹಾಕಿಸಿ ನೂಲು ಹಿಡಿದಂತೆ ನೇರ ಮಾಡಿಸಿದರು. ಕಾಳಪ್ಪಾಚಾರಿ ಬಂದು ಅದೇ ಪಟ್ಟಿಯನ್ನು ಮತ್ತೆ ಒತ್ತಿ ಹಿಡಿದ. ಬೆರಳು ತೂರುವಷ್ಟು ಸಂದು.

"ಇದು ಇನ್ನು ಯಾವ ಗೋಡೆಗೂ ಕೂರೋದಿಲ್ಲ ಅಮ್ಮಾ" ಎಂದ ಮನೆಯೊಡತಿಗೆ. "ಬಚ್ಚಲ ಒಲೆಗೆ ಹಾಕಿಬಿಡಿ."

ಮನೆಯೊಡತಿ ಪಟ್ಟಿಯನ್ನು ಎತ್ತಿಕೊಂಡಾಗ ಗೋಡೆ ಅದನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿತು.

"ಅಲ್ಲವೇ, ನೀನು ಮೊದಲಿನಿಂದಲೂ ಇಷ್ಟು ಸೊಟ್ಟಗೇ ಇದ್ದೆಯಾ?" ಎಂದು ಕೇಳಿತು.