ದೇಸಾಯರ ವಾಡೆಯ ಬೆಳ್ಳಿ ತಾಟು

ನಮ್ಮೂರ ದೇಸಾಯರ ವಾಡೆಯ ಬೆಳ್ಳಿ ತಾಟಿನ ಹೆಸರು ಸುತ್ತ ಹಳ್ಳಿಗೆಲ್ಲ ಗೊತ್ತು. ಅಂಥ ತಾಟು ಬೇರೆ ಯಾವೂರಲ್ಲಾದರೂ ಇದ್ದರೆ ತೋರಿಸಿ, ನೋಡೋಣ! ಅವನ್ನು ವಿಭೂತಿ ಹಚ್ಚಿ ತಿಕ್ಕುತ್ತಲೇ ಮುದುಕನಾದವನು ಅಡಿಗೆಯ ಆಳು. ಆದರೆ ಕೋರ್ಟು ಕಚೇರಿ ಅಂತ ತಾಟುಗಳೆಲ್ಲ ಒಂದೊಂದಾಗಿ ಮಾರಿಹೋದವು. ಅಡಿಗೆಮನೆಯ ಹಲಗೆಯ ಮೇಲೆ ಅವುಗಳ ದುಂಡನೆಯ ಕಲೆಗಳು ಮಾತ್ರ ಉಳಿದವು. ಆಳು ದಿನಾ ಅವನ್ನೇ ಒರೆಸುತ್ತಿದ್ದ.

ದೇಸಾಯರ ಮಗಳನ್ನು ನೋಡಲು ಇನಾಮದಾರ ಮಲ್ಲನಗೌಡರು ಮಗನೊಂದಿಗೆ ಬಂದರು. ಹುಡುಗನಿಗೆ ಹುಡುಗಿ ಹಿಡಿಸಿದಳು. ಊಟಕ್ಕೆ ಕೂತ ಗೌಡರು ಮೀಸೆ ತಿರುವಿದರು.

"ನಾವು ಬೆಳ್ಳಿ ತಾಟಿನಾಗ ಉಣ್ಣೋ ಮಂದಿ. ಎಲ್ಲ್ಯವ ನಿಮ್ಮ ತಾಟು? ಬರೇ ಹೆಸರಷ್ಟೇ ಏನು?"

ದೇಸಾಯರ ಮುಖ ಬಿಳಿಚಿತು. ಮನೆ ಬರಿದಾದದ್ದು ತಿಳಿದರೆ ಸಂಬಂಧ ಮುರಿದಂತೆಯೇ.

ಆಳು ಬಾಳೆಎಲೆ ಹಿಡಿದು ಬಂದ. "ತಾಟು ತರೂಣಂತ್ರೀ ಗೌಡ್ರ. ಆದ್ರ ಈ ವಾಡೇದಾಗ ತಾಟು ಹೊರಗಿನವರಿಗೆ, ಎಲಿ ಮನಿಯವರಿಗೆ. ಬೀಗರಾಗೋರು ಅಂತ ಎಲಿ ತಂದೆ. ಹೊರಗಿನವರು ಅನ್ನೂದಾದ್ರ ಹೇಳ್ರಿ."

ಗೌಡರ ಕೈ ಮೀಸೆಯಿಂದ ಜಾರಿತು. ಮಗ ಪಕ್ಕದಿಂದ ಅಪ್ಪನ ತೊಡೆ ಚಿವುಟಿದ.

"ಏ, ಹಾಕೋ ಎಲಿ! ನಾವೇನು ಹೊರಗಿನವರೇನು?" ಅಂದರು ಗೌಡರು.

ಸಂಬಂಧ ಕೂಡಿತು. ಮುಂದೆ ದೇಸಾಯರು ಗೌಡರ ವಾಡೆಗೆ ಹೋದಾಗ ಆಳು ಉಂಡಿಯ ಬುಟ್ಟಿ ಹೊತ್ತು ಹಿಂದೆ ಹೋದ. ಬಾಗಿಲಲ್ಲೇ ಗೌಡರು ಕೂಗಿದರು: "ತಾಟು ಗೀಟು ತೆಗೀಬ್ಯಾಡ್ರಿ! ಬಂದವರು ಮನಿಯವರು, ಎಲಿ ಹಾಕ್ರಿ!"

ಆಳು ಬುಟ್ಟಿ ಇಡಲು ಅಡಿಗೆಮನೆಗೆ ಹೋದ. ಅಲ್ಲೂ ಹಲಗೆಯ ಮೇಲೆ ಸಾಲಾಗಿ ಬರೀ ದುಂಡನೆಯ ಕಲೆಗಳು. ಅವನು ಹೆಗಲ ಮೇಲಿನ ವಸ್ತ್ರ ತೆಗೆದು ಮೆಲ್ಲಗೆ ಅವನ್ನೂ ಒರೆಸಿದ.