ಸುಬ್ರಾಯನ ಮೌನ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿನ ಗುರು ನಿರ್ವಾಣಯ್ಯ. ಎಲ್ಲರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು.

ಶಿಷ್ಯರು ಹನ್ನೊಂದು ಮಂದಿ. ಅವರಲ್ಲೊಬ್ಬ ಸುಬ್ರಾಯ, ಯಲ್ಲಾಪುರದ ಕಡೆಯ ಸಿದ್ದಿ ಕೇರಿಯವನು. ಅವನ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕದಿಂದ ಹಡಗಿನಲ್ಲಿ ಗುಲಾಮರಾಗಿ ತಂದಿದ್ದರು. ಯಾವ ಹಡಗು, ತಂದವರು ಯಾರು ಎಂಬುದು ಕೇರಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಮೈಯ ಬಣ್ಣ ಮತ್ತು ಗುಂಗುರು ಕೂದಲು ಮಾತ್ರ ಮರೆತಿರಲಿಲ್ಲ.

ಸುಬ್ರಾಯ ಆಶ್ರಮಕ್ಕೆ ಬಂದು ಒಂಬತ್ತು ವರ್ಷಗಳಾಗಿದ್ದವು. ಬೆಳಗಿನ ಪ್ರಾರ್ಥನೆಯನ್ನು ಎತ್ತಿಕೊಡುವವನು ಅವನೇ. ಅವನ ದನಿ ಎದ್ದರೆ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರೂ ಕೈ ನಿಲ್ಲಿಸುತ್ತಿದ್ದರು.

ಒಂದು ದಿನ ಪಟ್ಟಣದಿಂದ ಒಂದು ಕುಟುಂಬ ಬಂತು. ಅಂಗಳದಲ್ಲಿ ಸುಬ್ರಾಯನನ್ನು ಕಂಡ ಯಜಮಾನರು ನಿಂತರು.

"ತಾವು ಯಾವ ದೇಶದವರು?"

"ಇಲ್ಲಿಯವನೇ ಸರ್. ಯಲ್ಲಾಪುರ."

"ಅಲ್ಲ, ಮೂಲ?"

"ಮೂಲವೂ ಯಲ್ಲಾಪುರವೇ."

ಅವರು ನಕ್ಕರು. "ಕನ್ನಡ ಎಷ್ಟು ಚೆನ್ನಾಗಿ ಕಲಿತುಬಿಟ್ಟಿದ್ದೀರಿ!" ಎಂದರು. ಪಕ್ಕದಲ್ಲಿ ನಿಲ್ಲಿಸಿಕೊಂಡು ಫೋಟೊ ತೆಗೆಸಿಕೊಂಡರು.

ಅಡಿಗೆಮನೆಯ ಉಸ್ತುವಾರಿ ನೋಡುತ್ತಿದ್ದ ಶಿಷ್ಯ ವಿಶ್ವಂಭರ ಅಲ್ಲೇ ಇದ್ದ. ಸುಬ್ರಾಯನೆಂದರೆ ಅವನಿಗೆ ಪ್ರೀತಿ. ಅವನ ಹೆಗಲ ಮೇಲೆ ಕೈಹಾಕಿ ಹೇಳಿದ:

"ನಮ್ಮ ಸುಬ್ರಾಯನ ಬಣ್ಣ ನೋಡಬೇಡಿ ಸರ್. ಮನಸ್ಸು ಹಾಲಿನ ಹಾಗೆ, ಅಚ್ಚ ಬಿಳಿ."

ಎಲ್ಲರೂ ನಕ್ಕರು. ಸುಬ್ರಾಯನೂ ನಕ್ಕ.

ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಎಲ್ಲರೂ ಕೂತರು. ಸುಬ್ರಾಯ ಬಾಯಿ ತೆರೆಯಲಿಲ್ಲ. ಎಲ್ಲರೂ ಸ್ವಲ್ಪ ಹೊತ್ತು ಕಾದರು. ಕೊನೆಗೆ ಬೇರೆ ಯಾರೋ ಎತ್ತಿಕೊಂಡರು.

ಅವತ್ತು ಅವನು ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ.

ವಾರ ಕಳೆದ ಮೇಲೆ ಅಜ್ಜಾರು ಸಭೆಯಲ್ಲಿ ಹೇಳಿದರು: "ನೋಡಿ, ಯಾರಿಗೂ ಹೇಳದೆ ಕೇಳದೆ ಸುಬ್ರಾಯ ಮೌನವ್ರತ ಹಿಡಿದಿದ್ದಾನೆ. ವ್ರತ ಅಂದರೆ ಹೀಗಿರಬೇಕು."

ಅಂದಿನಿಂದ ಅವನನ್ನು ಯಾರೂ ಮಾತಾಡಿಸಲಿಲ್ಲ. ವ್ರತ ಕೆಡಬಾರದಲ್ಲ. ಎದುರಿಗೆ ಸಿಕ್ಕರೆ ಕೈಮುಗಿದು ದಾರಿ ಬಿಡುತ್ತಿದ್ದರು. ಊಟಕ್ಕೆ ಅವನ ಎಲೆಯನ್ನು ಒಂದು ಮಾರು ದೂರ ಹಾಕುತ್ತಿದ್ದರು, ಪಕ್ಕದವರ ಮಾತು ಅವನ ಕಿವಿಗೆ ಬೀಳದಿರಲಿ ಎಂದು.

ಮಧ್ಯಾಹ್ನ ಕಟ್ಟಿಗೆ ಒಡೆದು ಮುಗಿದ ಮೇಲೆ ಸುಬ್ರಾಯ ಹೊಳೆಗಿಳಿಯುತ್ತಿದ್ದ. ಕುತ್ತಿಗೆಮಟ್ಟ ನೀರಿನಲ್ಲಿ ನಿಂತು, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ತನ್ನ ಹೆಸರನ್ನು ತಾನೇ ಒಮ್ಮೆ ಕರೆದುಕೊಳ್ಳುತ್ತಿದ್ದ. ದನಿ ಇನ್ನೂ ಇದೆಯೋ ಇಲ್ಲವೋ ಎಂದು ತಿಳಿಯುವುದಕ್ಕೆ.

ಹೀಗೆ ಮೂರು ತಿಂಗಳು ಕಳೆಯಿತು.

ಒಂದು ಬೆಳಿಗ್ಗೆ ಸುಬ್ರಾಯನ ತಾಯಿ ಮಾದೇವಿ ಬಂದಳು. ಸೆರಗಿನಲ್ಲಿ ಸುತ್ತಿದ ಒಂದು ಬಾಟಲಿ ಜೇನನ್ನು ಅಜ್ಜಾರ ಮುಂದಿಟ್ಟು ಕೂತಳು.

"ಮಗ ಎಲ್ಲಿ, ಅಜ್ಜಾರೆ?"

"ಹೊಳೆಯ ಹತ್ತಿರ ಇರಬೇಕು. ನಿನ್ನ ಮಗ ದೊಡ್ಡವನಾಗಿದ್ದಾನೆ, ತಾಯಿ. ಮೂರು ತಿಂಗಳಿಂದ ಮೌನವ್ರತ."

ಮಾದೇವಿ ಅವರ ಮುಖವನ್ನೇ ನೋಡಿದಳು.

"ಅವನಿಗೆ ಯಾರು ಹೊಡೆದರು?"

"ಹೊಡೆಯುವುದೇ? ಇಲ್ಲಿ ಅಂಥದ್ದೆಲ್ಲ ಇಲ್ಲ."

"ಸಣ್ಣವ ಇದ್ದಾಗ ಶಾಲೆಯಲ್ಲಿ ಅವನ ಕೂದಲು ಎಳೆದು ನೋಡ್ತಿದ್ರು. ಅಂಟಿಸಿದ್ದೋ ನಿಜದ್ದೋ ಅಂತ. ಮನೆಗೆ ಬಂದು ಮಾತು ಬಿಟ್ಟ. ಇಡೀ ಮಳೆಗಾಲ ಒಂದು ಮಾತಿಲ್ಲ. ಅದು ವ್ರತ ಅಲ್ಲ, ಅಜ್ಜಾರೆ. ಅವನಿಗೆ ಪೆಟ್ಟು ಬಿದ್ರೆ ಹಾಗೆ."

ಅಜ್ಜಾರು ಎದ್ದರು. ಕೋಲನ್ನೂ ತೆಗೆದುಕೊಳ್ಳದೆ ಹೊಳೆಯ ಕಡೆ ನಡೆದರು. ಮಾದೇವಿ ಹಿಂದೆಯೇ ಹೋದಳು.

ಸುಬ್ರಾಯ ಬಂಡೆಯ ಮೇಲೆ ಕೂತಿದ್ದ. ತಾಯಿಯನ್ನು ಕಂಡು ಎದ್ದು ನಿಂತ.

"ಸುಬ್ರಾಯ," ಎಂದರು ಅಜ್ಜಾರು, "ನಿನಗೆ ಯಾರು ಹೊಡೆದರು?"

ಅವನ ತುಟಿ ಅಲುಗಿತು. ಬಹಳ ಹೊತ್ತಿನ ಮೇಲೆ ದನಿ ಬಂತು.

"ಯಾರೂ ಹೊಡೆಯಲಿಲ್ಲ, ಅಜ್ಜಾರೆ. ಹೊಡೆದಿದ್ದರೆ ಬಾಸುಂಡೆ ತೋರಿಸುತ್ತಿದ್ದೆ. ನನ್ನ ಮನಸ್ಸು ಬಿಳಿ ಅಂದರು. ಅಷ್ಟೇ. ಹಾಗಾದರೆ ಉಳಿದ ನಾನು..."

ಅಜ್ಜಾರು ತಕ್ಷಣ ಅವನ ತಲೆಯ ಮೇಲೆ ಕೈಯಿಟ್ಟರು.

"ಬಿಡು ಮಗನೆ, ಬಿಡು. ಆತ್ಮಕ್ಕೆ ಯಾವ ಬಣ್ಣ? ನಮ್ಮಲ್ಲಿ ಭೇದವೇ ಇಲ್ಲ."

ಸುಬ್ರಾಯನ ಬಾಯಿ ಮುಚ್ಚಿತು. ಅವನು ನೀರಿನ ಕಡೆ ತಿರುಗಿದ.

"ಈಗ ಬಾಯಿ ಬಿಟ್ಟಿದ್ದ," ಎಂದಳು ಮಾದೇವಿ. "ನೀವೇ ಮುಚ್ಚಿಸಿದ್ರಿ."

ಅಜ್ಜಾರಿಗೆ ಎಪ್ಪತ್ತೆಂಟು ವರ್ಷ. ಅಂಥ ಮಾತನ್ನು ಅವರಿಗೆ ಅಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ಅವನ ತಲೆಯ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಅವತ್ತು ಅವರು ಊಟಕ್ಕೆ ಬರಲಿಲ್ಲ. ಸಂಜೆ ಮಾದೇವಿ ಹೊರಟಾಗ ಬಸ್ಸು ನಿಲ್ಲುವ ಜಾಗದವರೆಗೆ ತಾವೇ ನಡೆದು ಹೋಗಿ ಬಿಟ್ಟು ಬಂದರು.

"ಕರಕೊಂಡು ಹೋಗ್ತೀಯಾ ಅವನನ್ನು?" ಎಂದು ದಾರಿಯಲ್ಲಿ ಕೇಳಿದರು.

"ಕರೆದೆ. ಬರೂದಿಲ್ಲ ಅಂದ. ಇದೂ ನನ್ನದೇ ಜಾಗ ಅಂದ."

ಮರುದಿನ ಬೆಳಿಗ್ಗೆ ಸಭೆ ಸೇರಿತು. ಅಜ್ಜಾರು ಮಣೆಯ ಮೇಲೆ ಕೂರಲಿಲ್ಲ. ಶಿಷ್ಯರ ಸಾಲಿನಲ್ಲಿ, ಕೊನೆಯಲ್ಲಿ ಕೂತರು.

"ಸುಬ್ರಾಯ ಹಿಡಿದದ್ದು ವ್ರತವಲ್ಲ," ಎಂದರು. "ನಾನು ತಪ್ಪು ತಿಳಿದೆ, ನಿಮಗೂ ತಪ್ಪು ಹೇಳಿದೆ. ಅವನಿಗೆ ಹೇಳುವುದಿದ್ದರೆ ಹೇಳಲಿ. ಇಲ್ಲದಿದ್ದರೆ ನಾವೂ ಸುಮ್ಮನೆ ಕೂತು ಏಳೋಣ. ಅವನು ಮಾತಾಡುವಾಗ ಯಾರೂ ಸಮಾಧಾನ ಹೇಳಕೂಡದು. ನಾನೂ ಹೇಳುವುದಿಲ್ಲ."

ಬಿಸಿಲು ಕಂಬದ ಬುಡದಿಂದ ಚಾಪೆಯ ಅಂಚಿಗೆ ಬರುವವರೆಗೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಸುಬ್ರಾಯ ಎದ್ದು ನಿಂತ.

"ನಾವು ಆಶ್ರಮದವರಷ್ಟೇ ಇದ್ದ ದಿನ ನಾನು ಅನ್ನ ಬಡಿಸುತ್ತೇನೆ. ಹೊರಗಿನವರು ಬಂದ ದಿನ ನನ್ನ ಕೈಗೆ ಅನ್ನದ ಬುಟ್ಟಿ ಬರುವುದಿಲ್ಲ, ಕೊಡಲಿ ಬರುತ್ತದೆ. ಒಂಬತ್ತು ವರ್ಷದಿಂದ ಹೀಗೆ. ಯಾರೂ ಬೈದು ಕೊಟ್ಟಿಲ್ಲ. ನಗುನಗುತ್ತಲೇ ಕೊಟ್ಟಿದ್ದೀರಿ. ನಾನೂ ನಗುನಗುತ್ತ ಹೋಗಿದ್ದೇನೆ."

ಯಾರೋ ಕೆಮ್ಮಿದರು.

"ಕಟ್ಟಿಗೆ ಒಡೆಯುವುದಕ್ಕೆ ನನಗೆ ಬೇಸರವಿಲ್ಲ. ಪಂಕ್ತಿ ಶುರುವಾದ ಸದ್ದು ಹಿತ್ತಲಿಗೆ ಕೇಳುತ್ತದೆ. ಆ ಹೊತ್ತಿನಲ್ಲಿ ನಾನು ಯಾರ ಕಡೆಯವನೂ ಅಲ್ಲ ಅನ್ನಿಸುತ್ತದೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ, ಹೇಳಿದರೆ ನಿಮಗೆ ಬೇಜಾರಾಗುತ್ತದೆ ಅಂತ."

"ಸುಬ್ರಾಯ!" ವಿಶ್ವಂಭರ ಎದ್ದುಬಿಟ್ಟ. "ನಾನು ಹಾಗಂದುಕೊಂಡು ಮಾಡಿದ್ದಲ್ಲ! ಬಂದವರು ಏನಾದರೂ ಅಂದು ನಿನಗೆ ನೋವಾದೀತು ಅಂತಲ್ಲವಾ ನಾನು..."

"ವಿಶ್ವಂಭರ, ಕೂತುಕೋ," ಎಂದರು ಅಜ್ಜಾರು.

"ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ, ಅಜ್ಜಾರೆ!"

"ನಿನ್ನ ಮನಸ್ಸಿನ ಮಾತು ಅವನು ಎತ್ತಲಿಲ್ಲ. ಕೊಡಲಿಯ ಮಾತು ಎತ್ತಿದ."

ವಿಶ್ವಂಭರ ಕೂತ. ಅವನ ಕಿವಿ ಕೆಂಪಾಗಿತ್ತು.

ಸುಬ್ರಾಯ ಇನ್ನೊಂದೆರಡು ಮಾತು ಹೇಳಿ ಕೂತ. ಹೇಳಿ ಮುಗಿಸಿದ ಮೇಲೆ ಹಗುರಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಶಿಷ್ಯರು ಒಬ್ಬೊಬ್ಬರಾಗಿ ಅವನ ಮುಖ ನೋಡದೆ ಎದ್ದು ಹೋದರು.

ಆಮೇಲಿನ ದಿನಗಳು ಮೊದಲಿಗಿಂತ ಕಷ್ಟವಾದವು. ಹೊರಗಿನವರು ಬಂದ ದಿನ ಅನ್ನದ ಬುಟ್ಟಿ ತಾನಾಗಿ ಅವನ ಕೈಗೆ ಬಂತು, ಆದರೆ ಕೊಟ್ಟವನು ಕಣ್ಣೆತ್ತಲಿಲ್ಲ. ಅವನು ಬಂದರೆ ಹರಟೆ ನಿಲ್ಲುತ್ತಿತ್ತು. ಮೊದಲು ಕೈಮುಗಿದು ದಾರಿ ಬಿಡುತ್ತಿದ್ದವರು ಈಗ ಕೈಮುಗಿಯದೆ ದಾರಿ ಬಿಟ್ಟರು.

ಅವನು ಅಜ್ಜಾರ ಬಳಿಗೆ ಹೋದ.

"ಸುಮ್ಮನಿದ್ದಾಗಲೂ ಒಂಟಿಯಾಗಿದ್ದೆ. ಈಗ ಮಾತಾಡಿಯೂ ಒಂಟಿಯಾದೆ. ಮಾತಾಡಿ ಏನು ಸಿಕ್ಕಿತು, ಅಜ್ಜಾರೆ?"

"ಆಗ ನೀನು ಒಂಟಿ ಅನ್ನುವುದು ನಿನಗೊಬ್ಬನಿಗೇ ಗೊತ್ತಿತ್ತು," ಎಂದರು ಅಜ್ಜಾರು. "ಈಗ ಎಲ್ಲರಿಗೂ ಗೊತ್ತಾಗಿದೆ. ಅದಕ್ಕೇ ಅವರಿಗೆ ನಿನ್ನ ಮುಖ ನೋಡಲಾಗುತ್ತಿಲ್ಲ."

ಸುಬ್ರಾಯನಿಗೆ ಅದರಿಂದ ಸಮಾಧಾನವಾಗಲಿಲ್ಲ. ಅಜ್ಜಾರೂ ಸಮಾಧಾನವಾಗಲಿ ಎಂದು ಹೇಳಿರಲಿಲ್ಲ.

ಎಂಟು ದಿನಗಳ ಮೇಲೆ ವಿಶ್ವಂಭರ ಅಜ್ಜಾರ ಬಳಿಗೆ ಬಂದ. ನಿದ್ದೆಯಿಲ್ಲದೆ ಅವನ ಮುಖ ಬಾಡಿತ್ತು.

"ಅಜ್ಜಾರೆ, ಸುಬ್ರಾಯನ ಕಾಲು ಹಿಡಿದು ಕ್ಷಮೆ ಕೇಳಿದೆ. ಕಾಲು ಹಿಂದಕ್ಕೆ ಎಳೆದುಕೊಂಡ. ಕ್ಷಮಿಸಿದೆ ಅನ್ನಲಿಲ್ಲ. ಇನ್ನೇನು ಮಾಡಲಿ?"

"ಕ್ಷಮೆ ಕೇಳಿದೆ. ಸರಿ. ಅವನನ್ನು ಕೇಳಿದೆಯಾ?"

"ಏನಂತ?"

"ಏನಾಯಿತು ಅಂತ."

"ಅವತ್ತು ಸಭೆಯಲ್ಲಿ ಹೇಳಿದನಲ್ಲ."

"ಸಭೆಗೆ ಹೇಳಿದ. ನಿನಗೆ ಹೇಳಲಿಲ್ಲ."

ವಿಶ್ವಂಭರ ಎರಡು ದಿನ ಹೊಳೆಯ ಕಡೆ ಹೋಗಿ ಅರ್ಧ ದಾರಿಯಿಂದ ಮರಳಿದ. ಮೂರನೆಯ ದಿನ ಬಂಡೆಯವರೆಗೆ ಹೋದ. ಸುಬ್ರಾಯನಿಂದ ಸ್ವಲ್ಪ ಆಚೆಗೆ ಕೂತ.

"ಏನಾಯಿತು, ಹೇಳು," ಎಂದ. "ನಡುವೆ ಬಾಯಿ ಹಾಕುವುದಿಲ್ಲ."

ಸುಬ್ರಾಯ ಅವನನ್ನು ನೋಡಿದ. ನಂಬಬೇಕೋ ಬೇಡವೋ ಎಂದು ತುಂಬ ಹೊತ್ತು ನೋಡಿದ. ಆಮೇಲೆ ಮೊದಲ ದಿನದಿಂದ ಶುರುಮಾಡಿದ. ಆಶ್ರಮಕ್ಕೆ ಬಂದ ದಿನ ಗೇಟಿನಲ್ಲಿ ಯಾರು ಏನು ಕೇಳಿದರು, ಯಾವ ಲೋಟದಲ್ಲಿ ನೀರು ಕೊಟ್ಟರು, ಯಾವ ಮಾತಿಗೆ ಎಲ್ಲರ ಜೊತೆ ತಾನೂ ನಕ್ಕ, ನಕ್ಕ ಮೇಲೆ ಎಲ್ಲಿಗೆ ಹೋಗಿ ಕೂತ. ಒಂದನ್ನೂ ಅವನು ಮರೆತಿರಲಿಲ್ಲ. ಅದರಲ್ಲಿ ವಿಶ್ವಂಭರನ ಹೆಸರು ಆರು ಸಲ ಬಂತು.

ವಿಶ್ವಂಭರ ಬಾಯಿ ಹಾಕಲಿಲ್ಲ. ಮೊಣಕಾಲನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕೂತಿದ್ದ. ಒಮ್ಮೆ ಅತ್ತ. ಸುಬ್ರಾಯ ಅವನ ಕಣ್ಣೊರೆಸಲಿಲ್ಲ. ಅಳು ನಿಲ್ಲುವವರೆಗೆ ಕಾದು ಮುಂದುವರಿಸಿದ.

ಇನ್ನೂ ಮುಗಿದಿರಲಿಲ್ಲ. ಇದ್ದಕ್ಕಿದ್ದಂತೆ ವಿಶ್ವಂಭರ ಎದ್ದು ನಿಂತ.

"ಇದೊಂದನ್ನು ಕೇಳಲಾರೆ," ಎಂದು ಹೇಳಿ ಹೊರಟುಹೋದ.

ಸುಬ್ರಾಯ ಬಂಡೆಯ ಮೇಲೆ ಒಬ್ಬನೇ ಉಳಿದ. ಸಂಜೆಯಾಯಿತು. ಹೊತ್ತು ಮುಳುಗುವ ಮೊದಲು ಅಜ್ಜಾರು ಕೋಲೂರಿಕೊಂಡು ಇಳಿದು ಬಂದರು.

"ವಿಶ್ವಂಭರ ಬಂದಿದ್ದನಾ?"

"ಬಂದಿದ್ದ. ಪೂರ್ತಿ ಕೇಳಲಿಲ್ಲ. ಅರ್ಧಕ್ಕೆ ಎದ್ದು ಹೋದ."

"ಯಾವ ಮಾತಿಗೆ ಎದ್ದ?"

ಅಜ್ಜಾರು ಕಾದರು.

"ನಿಮ್ಮ ಹೆಸರು ಬಂದಾಗ," ಎಂದ ಸುಬ್ರಾಯ ಕೊನೆಗೆ.

ಅಜ್ಜಾರು ಕೋಲನ್ನು ಪಕ್ಕಕ್ಕಿಟ್ಟರು. ಬಂಡೆಗೆ ಕೈಯೂರಿ, ನಿಧಾನವಾಗಿ, ಅವನ ಎದುರಿಗೆ ನೆಲದ ಮೇಲೆ ಕೂತರು.

"ಅಲ್ಲಿಂದ ಹೇಳು," ಎಂದರು.