ಗೆರೆಯ ಕೆಳಗೊಂದು ಚುಕ್ಕೆ

“ಗುರುಗಳೇ, ನನ್ನಲ್ಲಿ ಬಚ್ಚಿಡುವಂಥದ್ದು ಏನೂ ಇಲ್ಲ. ಹಾಗಿರುವಾಗ ಯಾರೋ ನನ್ನನ್ನು ನೋಡುತ್ತಿದ್ದರೆ ನನಗಾಗುವ ನಷ್ಟವೇನು?”

ಕೇಳಿದವನು ಅಡವಯ್ಯ. ಮಠದಲ್ಲಿದ್ದು ಮೂರು ವರ್ಷದಿಂದ ಓದುತ್ತಿದ್ದ ಶಿಷ್ಯ. ಹಿಂದಿನ ವಾರ ಗುರುಗಳು ಮೆಟ್ಟಿಲು ಹತ್ತುವಾಗ ಮೊಣಕಾಲು ಹಿಡಿದು ನಿಂತದ್ದನ್ನು ಅವನು ಕಂಡಿದ್ದ. ಮೊಣಕಾಲು ನೋವಿಗೆ ಏನು ಮಾಡಬೇಕು ಎಂದು ಫೋನಿನಲ್ಲಿ ಒಂದೇ ಒಂದು ಸಲ ಹುಡುಕಿದ್ದ. ಅಂದಿನಿಂದ ಪಂಚಾಂಗ ನೋಡಲು ಫೋನು ತೆರೆದರೂ ಮೊಣಕಾಲಿನ ಎಣ್ಣೆ, ಮೊಣಕಾಲಿನ ಪಟ್ಟಿ, ಊರುಗೋಲು ಕಾಣಿಸುತ್ತಿದ್ದವು. ನಮ್ಮ ಸುದ್ದಿಯೆಲ್ಲ ಅದಕ್ಕೆ ಗೊತ್ತು, ಹುಷಾರಾಗಿರು ಎಂದು ಜೊತೆಯವರು ಹೆದರಿಸಿದ್ದರು. ಅವನಿಗೆ ಅದು ಹೆದರುವ ವಿಷಯ ಎನ್ನಿಸಿರಲಿಲ್ಲ.

“ಎಣ್ಣೆ ತರಿಸಿದೆಯೇನು?” ಎಂದು ಗುರುಗಳು ಕೇಳಿದರು.

“ತರಿಸಿದೆ, ಗುರುಗಳೇ. ಎರಡು ಸೀಸೆ. ಒಂದು ಕೊಂಡರೆ ಒಂದು ಉಚಿತ.”

“ಕಾಲು ನನ್ನದು. ಎಣ್ಣೆ ನಿನ್ನನ್ನು ಹುಡುಕಿಕೊಂಡು ಬಂತು,” ಎಂದು ಗುರುಗಳು ನಕ್ಕರು. ಕುಳಿತಿದ್ದವರೆಲ್ಲ ನಕ್ಕರು. ಆಮೇಲೆ ಗುರುಗಳು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಮಡಿವಾಳನಿದ್ದ. ನಲವತ್ತು ಮನೆಗಳ ಬಟ್ಟೆಯನ್ನು ಅವನೇ ಒಗೆಯುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಯಾವ ಬಟ್ಟೆ ಯಾರ ಮನೆಯದೆಂದು ತಿಳಿಯಲು ಪ್ರತಿಯೊಂದರ ಮೂಲೆಯಲ್ಲಿಯೂ ಅಳಿಯದ ಕಪ್ಪು ಮಸಿಯಿಂದ ಒಂದು ಗುರುತು ಹಾಕುತ್ತಿದ್ದ. ಒಂದು ಮನೆಗೆ ಎರಡು ಚುಕ್ಕೆ. ಒಂದು ಮನೆಗೆ ಅರ್ಧಚಂದ್ರ. ಇನ್ನೊಂದಕ್ಕೆ ಒಂದನ್ನೊಂದು ದಾಟುವ ಎರಡು ಗೆರೆ.

ಬಟ್ಟೆ ಒಗೆಯುವವನಿಗೆ ಮನೆಯ ಒಳಗೆಲ್ಲ ತಿಳಿಯುತ್ತದೆ. ಯಾರು ಹೆತ್ತರು, ಯಾರು ಕುಡಿದು ಬಿದ್ದರು, ಯಾರು ಅತ್ತು ಸೆರಗಿನಲ್ಲಿ ಮುಖ ಒರೆಸಿಕೊಂಡರು, ಎಲ್ಲವೂ ಬಟ್ಟೆಯಲ್ಲಿರುತ್ತದೆ. ಅದಕ್ಕಾಗಿ ಅವನ ಮನೆತನದಲ್ಲಿ ಎರಡು ಕಟ್ಟಳೆಗಳಿದ್ದವು. ಬಟ್ಟೆಯ ಗಂಟನ್ನು ಹೊಳೆಯ ಕಡೆ ಮುಖ ಮಾಡಿಯೇ ಬಿಚ್ಚಬೇಕು. ಒಗೆದರೂ ಹೋಗದ ಕಲೆಯಿದ್ದರೆ ಆ ಭಾಗ ಒಳಗೆ ಬರುವಂತೆ ಮಡಚಿ, ತೆಗೆದುಕೊಳ್ಳುವವರ ಮುಖ ನೋಡದೆ ಕೈಗೆ ಕೊಡಬೇಕು. ಇದನ್ನು ಅವನ ತಂದೆ ಬಾಯಲ್ಲಿ ಹೇಳಿಕೊಟ್ಟಿರಲಿಲ್ಲ. ಮಾಡಿ ತೋರಿಸಿದ್ದ.

ಒಂದು ದಿನ ಒಬ್ಬ ವ್ಯಾಪಾರಿ ಹೊಳೆಯ ದಡಕ್ಕೆ ಬಂದ. ಮಡಿವಾಳ ಆಗ ಚೌಳು ಮಣ್ಣಿನ ಮೂಟೆ ಇಳಿಸುತ್ತಿದ್ದ. ಬಟ್ಟೆಯ ಕೊಳೆ ಬಿಡಿಸಲು ಆ ಮಣ್ಣು ಬೇಕು. ಅದಕ್ಕಾಗಿ ಅವನು ವಾರಕ್ಕೊಮ್ಮೆ ಎರಡು ಹರದಾರಿ ನಡೆದು ಹೋಗಿ ಅಗೆದು ತರಬೇಕಿತ್ತು.

“ಈ ವಯಸ್ಸಿನಲ್ಲಿ ಮಣ್ಣು ಯಾಕೆ ಹೊರುತ್ತೀಯ? ನಾನು ಸಾಬೂನು ಕೊಡುತ್ತೇನೆ. ಬೇಕಾದಷ್ಟು. ಪುಕ್ಕಟೆ,” ಎಂದ ವ್ಯಾಪಾರಿ.

“ಪುಕ್ಕಟೆ ಯಾಕೆ ಕೊಡುತ್ತೀರಿ, ಧಣಿ?”

“ಯಾವ ಗುರುತಿನ ಬಟ್ಟೆಯಲ್ಲಿ ಎಂಥ ಕಲೆ ಇತ್ತು ಎಂದು ವಾರಕ್ಕೊಮ್ಮೆ ನನಗೆ ಹೇಳು. ಅಷ್ಟು ಸಾಕು. ಯಾರ ಹೆಸರೂ ನನಗೆ ಬೇಡ.”

ಮಡಿವಾಳನ ಹೆಂಡತಿ ಬಟ್ಟೆ ಬಡಿಯುವುದನ್ನು ನಿಲ್ಲಿಸಿದಳು. “ಊರವರ ಕಲೆ ಕಟ್ಟಿಕೊಂಡು ಹೋಗಿ ಇವರು ಏನು ಮಾಡುತ್ತಾರಂತೆ? ಸಾರಿಗೆ ಹಾಕುತ್ತಾರಂತೇನು?” ಎಂದಳು.

ವ್ಯಾಪಾರಿ ನಕ್ಕ. “ಯಾವ ಮನೆಗೆ ಏನು ಬೇಕೋ ಅದನ್ನೇ ಆ ಮನೆಯ ಬಾಗಿಲಿಗೆ ತರುತ್ತೇನೆ, ತಾಯಿ. ಇದರಿಂದ ಯಾರಿಗೆ ಕೆಡುಕು?”

ಮಡಿವಾಳ ಯೋಚಿಸಿದ. ಹೆಸರು ಮನುಷ್ಯರದು. ಗುರುತು ಬಟ್ಟೆಯದು. ಗುರುತು ಹೇಳಿದರೆ ಬಟ್ಟೆಯ ಸುದ್ದಿ ಹೇಳಿದಂತಾಯಿತು, ಮನುಷ್ಯರ ಸುದ್ದಿ ಹೇಳಿದಂತಾಗಲಿಲ್ಲ. ಮುಖ ನೋಡದೆ ಬಟ್ಟೆ ಕೊಟ್ಟು ಅಭ್ಯಾಸವಾಗಿದ್ದ ಅವನಿಗೆ ಇದು ಸರಿಯೆಂದೇ ತೋರಿತು. ಅವನು ಒಪ್ಪಿಕೊಂಡ.

ವ್ಯಾಪಾರಿ ಊರೊಳಗೆ ಒಂದು ಸುತ್ತು ಹಾಕಿದ. ಅಂಗಳದ ಹಗ್ಗಗಳ ಮೇಲೆ ಪಂಚೆ ಸೀರೆಗಳಿದ್ದವು. ಅವುಗಳ ಮೂಲೆ ನೋಡುತ್ತ ನಡೆದ. ಒಂದು ಬೆಳಗಿನಲ್ಲಿ ನಲವತ್ತು ಮನೆಗಳೂ ಅವನಿಗೆ ಗೊತ್ತಾದವು.

ಮುಂದಿನ ವಾರದಿಂದ ಗಾಡಿ ಬರತೊಡಗಿತು. ಶಾಯಿಯ ಕಲೆಯಿದ್ದ ಮನೆಗೆ ಕಾಗದ ಬಂತು. ಕೂಸು ಹಾಲು ಕಕ್ಕಿದ ಕಲೆಯಿದ್ದ ಮನೆಗೆ ಗಿಲಕಿ ಬಂತು. ಜನ ಬೆರಗಾದರು.

“ಇಪ್ಪತ್ತು ವರ್ಷ ಬಾಳಿದ ಗಂಡನಿಗೆ ನನಗೇನು ಬೇಕೆಂದು ತಿಳಿಯಲಿಲ್ಲ. ಈ ಗಾಡಿಯವನಿಗೆ ಒಂದೇ ವಾರಕ್ಕೆ ತಿಳಿಯಿತು ನೋಡಿ,” ಎಂದು ಒಬ್ಬಾಕೆ ಗಂಡನ ಎದುರಿಗೇ ಹೇಳಿದಳು.

“ಹಾಗಾದರೆ ಗಾಡಿಯ ಹಿಂದೆಯೇ ಹೋಗು. ಎತ್ತಿಗೂ ಜೊತೆಯಾಗುತ್ತದೆ,” ಎಂದ ಗಂಡ.

ಮೊದಲು ಊರಿನವರು ಸಂತೆಗೆ ನಡೆದು ಹೋಗುತ್ತಿದ್ದರು. ಏನು ಬೇಕು, ಏನಿಲ್ಲದಿದ್ದರೂ ನಡೆದೀತು ಎಂದು ದಾರಿಯಲ್ಲಿ ಯೋಚಿಸುತ್ತಿದ್ದರು. ತಾವು ಯೋಚಿಸದಿದ್ದರೆ ಜೊತೆಗೆ ನಡೆಯುವವರು ಕೇಳುತ್ತಿದ್ದರು. ಈಗ ನಡೆಯುವ ಅಗತ್ಯ ಉಳಿಯಲಿಲ್ಲ. ಯೋಚಿಸುವ ಅಗತ್ಯವೂ ಉಳಿಯಲಿಲ್ಲ. ಕುಡಿತ ಬಿಟ್ಟು ಆರು ತಿಂಗಳಾಗಿದ್ದ ಒಬ್ಬ ಬಡಗಿ ಒಂದು ಮದುವೆಯ ಮನೆಯಲ್ಲಿ ಒಂದು ಗುಟುಕು ಕುಡಿದ. ಅಂಗಿಯ ಮೇಲೆ ಹೆಂಡ ಚೆಲ್ಲಿತು. ಮರುವಾರ ಗಾಡಿ ಅವನ ಬಾಗಿಲಿಗೆ ಹೆಂಡದ ಮಡಕೆ ತಂದಿತು. ಅವನು ಬೇಡವೆಂದ. ಅದರ ಮರುವಾರವೂ ತಂದಿತು. ಬೇಡವೆಂದ. ಮೂರನೆಯ ವಾರ ಅವನು ಬೇಡವೆನ್ನಲಿಲ್ಲ. ಊರಿನವರು ಅದನ್ನು ಅವನ ಹಣೆಬರಹ ಎಂದುಕೊಂಡರು.

ಅದೇ ಊರಿನಲ್ಲಿ ಒಬ್ಬ ತಾಯಿ, ಅವಳ ಒಬ್ಬಳೇ ಮಗಳು ಇದ್ದರು. ತಾಯಿ ಹೂ ಕಟ್ಟಿ ಮಾರುತ್ತಿದ್ದಳು. ಅವರ ಮನೆಯ ಗುರುತು ಒಂದು ಗೆರೆ, ಗೆರೆಯ ಕೆಳಗೊಂದು ಚುಕ್ಕೆ.

ತಾಯಿಗೆ ಕೆಮ್ಮು ಹಿಡಿಯಿತು. ಹೂವಿನ ಮೇಲಿನ ನೀರು ತಣ್ಣಗೆ, ಅದಕ್ಕೇ ನೆಗಡಿ ಎಂದು ಮಗಳಿಗೆ ಹೇಳಿದಳು. ಒಂದು ದಿನ ಕೆಮ್ಮಿದಾಗ ಸೆರಗಿನಲ್ಲಿ ರಕ್ತ ಕಂಡಿತು. ಅವಳು ಪಕ್ಕದೂರಿನ ವೈದ್ಯನ ಬಳಿ ಹೋದಳು. ವೈದ್ಯ ನಾಡಿ ನೋಡಿ, ಮುಂದಿನ ಮಲ್ಲಿಗೆಯ ಕಾಲದವರೆಗೆ ಇರುವುದು ಕಷ್ಟ ಎಂದ.

ಅವಳು ಮಗಳಿಗೆ ಹೇಳಬೇಕೆಂದು ನಿಶ್ಚಯಿಸಿದಳು. ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ದಿನವೂ ಮಗಳ ತಲೆ ಬಾಚುವಾಗ ಮಾತು ಜೋಡಿಸುತ್ತಿದ್ದಳು.

“ಅವ್ವ, ಜಡೆ ಎಷ್ಟು ಬಿಗಿ! ನನ್ನ ಹುಬ್ಬು ನೆತ್ತಿಗೆ ಹೋಯಿತು.”

“ಸಡಿಲ ಹಾಕಿದರೆ ಮಧ್ಯಾಹ್ನಕ್ಕೇ ಬಿಚ್ಚಿಕೊಂಡು ಬರುತ್ತೀಯ.”

“ಬಂದರೇನು? ಮತ್ತೆ ನೀನೇ ಹಾಕುತ್ತೀಯಲ್ಲ.”

ತಾಯಿ ಆ ದಿನವೂ ಹೇಳಲಿಲ್ಲ. ನಾಳೆ ಹೇಳುತ್ತೇನೆ ಎಂದುಕೊಂಡಳು. ಹೀಗೆ ಹದಿನೈದು ದಿನ ಕಳೆಯಿತು. ಅಷ್ಟರಲ್ಲಿ ಮಾತು ಹೆಚ್ಚುಕಡಿಮೆ ಸಿದ್ಧವಾಗಿತ್ತು. ಎಲ್ಲಿ ಶುರು ಮಾಡಬೇಕು, ಎಲ್ಲಿ ತಡೆದು ಮಗಳ ಕೈ ಹಿಡಿಯಬೇಕು ಎಂಬುದು ಕೂಡ ಅವಳಿಗೆ ಗೊತ್ತಾಗಿತ್ತು. ಬರುವ ಹುಣ್ಣಿಮೆಯ ಸಂಜೆ ಹೂ ಮಾರಿ ಮುಗಿದ ಮೇಲೆ, ಹೊಳೆಯ ಮೆಟ್ಟಿಲ ಮೇಲೆ ಕುಳಿತು ಹೇಳುವುದೆಂದು ತೀರ್ಮಾನಿಸಿದಳು.

ಮಡಿವಾಳನಿಗೆ ಮಾತ್ರ ಅವಳು ಒಂದು ಮಾತು ಹೇಳಿದ್ದಳು. “ಅಣ್ಣ, ನನ್ನ ಬಟ್ಟೆಯನ್ನು ಮಗಳ ಕೈಗೆ ಕೊಡಬೇಡ. ನನ್ನ ಕೈಗೇ ಕೊಡು.”

ಮಡಿವಾಳ ಮುಖ ನೋಡದೆ ತಲೆಯಾಡಿಸಿದ. ಹಾಗೆಯೇ ನಡೆದುಕೊಂಡ. ಆದರೆ ವಾರದ ಕೊನೆಗೆ ವ್ಯಾಪಾರಿ ಕೇಳಿದಾಗ, ಗೆರೆ-ಚುಕ್ಕೆಯ ಸೆರಗಿನಲ್ಲಿ ಕೆಮ್ಮಿದ ರಕ್ತ, ಹಿಂದಿನ ವಾರಕ್ಕಿಂತ ಹೆಚ್ಚು ಎಂದು ಹೇಳಿದ. ಹೇಳಿದರೆ ಒಳ್ಳೆಯ ಔಷಧಿ ತಂದಾನು ಎಂಬ ಆಸೆ ಅವನಿಗಿತ್ತು.

ವ್ಯಾಪಾರಿಗೆ ಇಂಥ ನೂರು ಊರುಗಳಿದ್ದವು. ಎಂಥ ಕಲೆ ಕಂಡ ಮೇಲೆ ಎಷ್ಟು ವಾರಕ್ಕೆ ಆ ಮನೆಗೆ ಏನು ಬೇಕಾಗುತ್ತದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹುಣ್ಣಿಮೆಗೆ ಎರಡು ದಿನ ಮೊದಲು ಗಾಡಿ ಆ ಮನೆಯ ಮುಂದೆ ನಿಂತಿತು. ತಾಯಿ ಹೂ ಮಾರಲು ಹೋಗಿದ್ದಳು. ಮಗಳು ಬಾಗಿಲು ತೆರೆದಳು. ಗಾಡಿಯ ಆಳು ಒಂಬತ್ತು ಮೊಳ ಬಿಳಿಯ ಬಟ್ಟೆ, ವಿಭೂತಿ, ಒಂದು ಪೊಟ್ಟಣ ಕರ್ಪೂರ ಇಳಿಸಿದ.

“ಅಣ್ಣ, ನೀನು ಮನೆ ತಪ್ಪಿದ್ದೀಯ. ನಮ್ಮಲ್ಲಿ ಯಾರೂ ಸತ್ತಿಲ್ಲ,” ಎಂದು ಮಗಳು ನಕ್ಕಳು.

ಆಳು ಕೈಯಲ್ಲಿದ್ದ ಚೀಟಿ ನೋಡಿದ. ಹಗ್ಗದ ಮೇಲಿದ್ದ ಸೀರೆಯ ಮೂಲೆ ನೋಡಿದ. “ಗೆರೆ, ಕೆಳಗೆ ಚುಕ್ಕೆ. ಇದೇ ಮನೆ, ತಂಗಿ. ನಮ್ಮ ಯಜಮಾನರ ಚೀಟಿ ಇದುವರೆಗೆ ತಪ್ಪಿಲ್ಲ.”

“ಯಾರಿಗೆಂದು ಬರೆದಿದೆ?”

“ಹೆಸರು ಬರೆಯುವ ಪದ್ಧತಿ ಇಲ್ಲ. ಕೆಮ್ಮುವವರಿಗೆ ಎಂದಿದೆ.”

ಮಗಳ ನಗು ನಿಂತಿತು. ಈ ವಾರವೇ ತೆಗೆದುಕೊಂಡರೆ ಕರ್ಪೂರ ಪುಕ್ಕಟೆ ಎಂದು, ಎಲ್ಲ ಮನೆಗಳಲ್ಲೂ ಹೇಳುವ ಹಾಗೆಯೇ ಹೇಳಿ, ಆಳು ಗಾಡಿ ಹೊಡೆದುಕೊಂಡು ಹೋದ.

ತಾಯಿ ಬುಟ್ಟಿ ಹೊತ್ತು ಬಂದಾಗ ಮಗಳು ಆ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಬಳಿ ಕುಳಿತಿದ್ದಳು.

“ಗಾಡಿಯವನಿಗೆ ಗೊತ್ತಿತ್ತು, ಅವ್ವ,” ಎಂದಳು. “ನನಗೆ ಗೊತ್ತಿರಲಿಲ್ಲ.”

ಗಾಡಿಯವನಿಗೆ ಹೇಗೆ ಗೊತ್ತಾಯಿತೆಂದು ತಾಯಿಗೂ ತಿಳಿಯದು. ತಾನು ಯಾರಿಗೂ ಹೇಳಿಲ್ಲವೆಂದರೆ ಮಗಳು ನಂಬುವಂತಿರಲಿಲ್ಲ. ಬಟ್ಟೆ ಅವಳ ಮಡಿಲಲ್ಲಿತ್ತು. ಹದಿನೈದು ದಿನ ಜೋಡಿಸಿದ್ದ ಮಾತನ್ನು ತಾಯಿ ಹುಡುಕಿದಳು. ಅದು ಏನೂ ತಿಳಿಯದ ಮಗಳಿಗಾಗಿ ಮಾಡಿದ ಮಾತು. ಆ ಮಗಳು ಈಗ ಅಲ್ಲಿರಲಿಲ್ಲ.

ಆಮೇಲೆ ಅವರು ಮಾತಾಡಲಿಲ್ಲವೆಂದಲ್ಲ. ಮಗಳು ಕಷಾಯ ಕಾಯಿಸಿದಳು. ಕುಡಿ ಎಂದಳು, ಹೊದ್ದುಕೊ ಎಂದಳು. ತಾಯಿ ಸಾಕು ಎಂದಳು, ನೀನು ಉಂಡೆಯಾ ಎಂದಳು. ತಲೆ ಬಾಚುತ್ತೇನೆ ಬಾ ಎಂದು ಕರೆದರೆ, ನಾನೇ ಬಾಚಿಕೊಂಡೆ ಎಂದಳು ಮಗಳು. ಹುಣ್ಣಿಮೆ ಬಂದು ಹೋಯಿತು. ಹೊಳೆಯ ಮೆಟ್ಟಿಲಿಗೆ ಅವರಿಬ್ಬರೂ ಹೋಗಲಿಲ್ಲ.

ಗಾಡಿ ಬಂದು ಹೋದ ಮೂವತ್ತೆಂಟನೆಯ ದಿನ ತಾಯಿ ತೀರಿಕೊಂಡಳು. ಸತ್ತವರಿಗೆ ಹೊದಿಸುವ ಬಟ್ಟೆಯನ್ನು ನೆರೆಯವರು ತರುವುದು ಆ ಊರಿನ ಪದ್ಧತಿ. ನೆರೆಯವರು ಬಂದು ನೋಡಿದರು. ಬಟ್ಟೆ ಮನೆಯಲ್ಲೇ ಇತ್ತು. ತಾವು ಇನ್ನೇನು ಮಾಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಂತರು. ಬಟ್ಟೆಯ ಅಳತೆ ಸರಿಯಾಗಿತ್ತು.

ನಡೆದದ್ದು ಗಾಡಿಯ ಆಳಿನ ಬಾಯಿಂದ ಮಡಿವಾಳನಿಗೆ ಗೊತ್ತಾಯಿತು. ಅವನು ಉಳಿದಿದ್ದ ಸಾಬೂನನ್ನು ಹೊತ್ತುಕೊಂಡು ವ್ಯಾಪಾರಿಯ ಬಳಿ ಹೋದ.

“ನಾನು ಹೆಸರು ಹೇಳಿರಲಿಲ್ಲ, ಧಣಿ,” ಎಂದ.

“ನಾನೂ ಕೇಳಿರಲಿಲ್ಲ,” ಎಂದ ವ್ಯಾಪಾರಿ. ಅವನಿಗೆ ಕೋಪವೇನೂ ಬಂದಿರಲಿಲ್ಲ. “ಯಾಕೆ, ಬಟ್ಟೆ ಚೆನ್ನಾಗಿರಲಿಲ್ಲವೇ?”

ಮಡಿವಾಳ ಮತ್ತೆ ಮಣ್ಣು ಹೊರತೊಡಗಿದ. ಬಟ್ಟೆ ಮೊದಲಿನಷ್ಟು ಬೆಳ್ಳಗಾಗುತ್ತಿಲ್ಲ ಎಂದು ಜನ ಗೊಣಗಿದರು. ಗಾಡಿ ಯಾಕೆ ಬರುತ್ತಿಲ್ಲ ಎಂದೂ ಕೇಳಿದರು. ಎರಡು ತಿಂಗಳಲ್ಲಿ ವ್ಯಾಪಾರಿ ಇನ್ನೊಬ್ಬನನ್ನು ಹುಡುಕಿ ಅವನಿಗೆ ಸಾಬೂನು ಕೊಟ್ಟ. ಮೂವತ್ತು ಮನೆಗಳು ಆ ಹೊಸಬನಿಗೆ ಬಟ್ಟೆ ಹಾಕಿದವು. ಗಾಡಿ ಮತ್ತೆ ಬಂತು.

ಆ ಮಗಳು ಮಾತ್ರ ಇಬ್ಬರಿಗೂ ಹಾಕಲಿಲ್ಲ. ಸೂತಕ ಕಳೆದ ಮೇಲೆ ಮಡಿವಾಳ ಬಟ್ಟೆ ಕೇಳಲು ಅವಳ ಬಾಗಿಲಿಗೆ ಹೋಗಿದ್ದ.

“ಬೇಡ, ಅಣ್ಣ. ನಾನೇ ಒಗೆದುಕೊಳ್ಳುತ್ತೇನೆ,” ಎಂದಳು.

ಆ ದಿನ ಅವನು ಕಟ್ಟಳೆ ಮೀರಿ ಅವಳ ಮುಖ ನೋಡಿದ. ಅವಳು ಅವನ ಮುಖ ನೋಡಲಿಲ್ಲ.

ಅಂದಿನಿಂದ ಅವಳು ಹೊಳೆಯ ಮೇಲ್ಗಡೆ, ಯಾರೂ ಒಗೆಯದ ಕಡೆ ಕುಳಿತು ತನ್ನ ಬಟ್ಟೆ ಒಗೆದುಕೊಳ್ಳುತ್ತಿದ್ದಳು. ಜೊತೆಗೆ ತಾಯಿಯ ಸೀರೆಗಳನ್ನೂ ತರುತ್ತಿದ್ದಳು. ಸೀರೆಯ ಮೂಲೆಯನ್ನು ಕಲ್ಲಿನ ಮೇಲಿಟ್ಟು ಬಹಳ ಹೊತ್ತು ಉಜ್ಜುತ್ತಿದ್ದಳು. ಆ ಮಸಿ ಹೋಗುವಂಥದ್ದಲ್ಲ ಎಂದು ಕೆಳಗಿನ ಕಲ್ಲಿನ ಬಳಿ ನಿಂತ ಮಡಿವಾಳನಿಗೆ ಗೊತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು.

“ಗುರುಗಳೇ, ಆ ತಾಯಿ ಒಂದು ವಿಷಯವನ್ನು ಬಚ್ಚಿಟ್ಟಿದ್ದಳು. ಅದಕ್ಕೇ ಹಾಗಾಯಿತು. ನನ್ನಲ್ಲಿ ಅಂಥದ್ದೇನೂ ಇಲ್ಲವಲ್ಲ,” ಎಂದ ಅಡವಯ್ಯ.

“ಅವಳು ಬಚ್ಚಿಟ್ಟಿರಲಿಲ್ಲ, ಅಡವಯ್ಯ, ಮಗಳಿಗೆ ಹೇಳುವುದಕ್ಕೆಂದು ಇಟ್ಟುಕೊಂಡಿದ್ದಳು.”